ಮಿಲ್ ಹೌಸ್ ಪ್ರೊಫಿಬಸ್: ಶೀಲ್ಡ್ ಅರ್ಥಿಂಗ್ ಸರಿಪಡಿಸಿದ ಕೆಲಸದ ದಾಖಲೆ

ಜಾಗ: ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಮಿಲ್ ಹೌಸ್. ಎಸ್7-300 ಸರಣಿಯ 315-2ಡಿಪಿ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್). ಅದರ ಕೆಳಗೆ ಒಂದೇ ಪ್ರೊಫಿಬಸ್ ಡಿಪಿ ಲೈನಿನಲ್ಲಿ (ಸಾಧನಗಳು ಡೇಟಾ ಹಂಚಿಕೊಳ್ಳುವ ಎರಡು ತಂತಿಯ ಜಾಲ, ಮುಂದೆ 'ಬಸ್') ಒಂಬತ್ತು ಡ್ರೈವ್ (ಮೋಟಾರ್ ವೇಗ ನಿಯಂತ್ರಕ), ಎರಡು ಇಟಿ200ಎಂ ರಿಮೋಟ್ ಐಒ (ದೂರದ ಸಿಗ್ನಲ್‌ಗಳನ್ನು ಪಿಎಲ್‌ಸಿಗೆ ಮುಟ್ಟಿಸುವ ಘಟಕ). ವೇಗ 1.5 ಎಂಬಿಪಿಎಸ್. ಒಟ್ಟು ಕೇಬಲ್ 140 ಮೀಟರ್. ಈ ವೇಗಕ್ಕೆ ಒಂದು ಸೆಗ್ಮೆಂಟಿನ ಮಿತಿ 200 ಮೀಟರ್, ಹಾಗಾಗಿ ಉದ್ದದ ತಕರಾರಿಲ್ಲ. ಪಿಎಲ್‌ಸಿ ಮತ್ತು ಡ್ರೈವ್‌ಗಳೆಲ್ಲ ಎಂಸಿಸಿ (ಮೋಟಾರ್ ಕಂಟ್ರೋಲ್ ಸೆಂಟರ್) ರೂಮಿನಲ್ಲಿವೆ. ಅಲ್ಲಿಂದ 60 ಮೀಟರ್ ದೂರದಲ್ಲಿ ಮಿಲ್ ಪ್ಯಾನೆಲ್ (ಸ್ಟೇಷನ್ 10), ಅದರಾಚೆ ಇನ್ನೂ 25 ಮೀಟರ್‌ಗೆ ಕಬ್ಬಿನ ಕ್ಯಾರಿಯರ್ ಪ್ಯಾನೆಲ್ (ಸ್ಟೇಷನ್ 11). ಲೈನಿನ ಕೊನೆ ಅದೇ.

ತೊಂದರೆ: ಹಂಗಾಮು ಜೋರಾಗಿದ್ದಾಗ, ಅದರಲ್ಲೂ 90 ಕಿಲೋವ್ಯಾಟ್‌ನ ಕ್ಯಾರಿಯರ್ ಡ್ರೈವ್ ವೇಗ ಏರಿಸುವಾಗ, ಸ್ಟೇಷನ್ 11 ಬಸ್‌ನಿಂದ ಬಿದ್ದುಹೋಗುತ್ತದೆ. ಸಿಪಿಯು ಮೇಲೆ ಬಿಎಫ್ (ಬಸ್ ಫಾಲ್ಟ್) ದೀಪ ಮಿನುಗುತ್ತದೆ, ಒಂದೆರಡು ಸೆಕೆಂಡಿಗೆ ತಾನಾಗಿಯೇ ಆರುತ್ತದೆ. ಅಷ್ಟರಲ್ಲಿ ಇಂಟರ್‌ಲಾಕ್ (ಸುರಕ್ಷತೆಗೆ ಯಂತ್ರ ನಿಲ್ಲಿಸುವ ಷರತ್ತು) ಬಿದ್ದು ಕ್ಯಾರಿಯರ್ ನಿಂತಿರುತ್ತದೆ. ಪ್ರೋಗ್ರಾಮಿನಲ್ಲಿ ಒಬಿ86 (ಸ್ಟೇಷನ್ ಬಿದ್ದಾಗ ಸಿಪಿಯು ಕರೆಯುವ ಪ್ರೋಗ್ರಾಂ ಭಾಗ) ಖಾಲಿಯಾಗಿಯಾದರೂ ಇದ್ದದ್ದು ಪುಣ್ಯ. ಅದು ಇಲ್ಲದಿದ್ದರೆ ಒಂದು ಸ್ಟೇಷನ್ ಬಿದ್ದ ಕೂಡಲೇ 300 ಸರಣಿಯ ಸಿಪಿಯು ಸ್ಟಾಪ್‌ಗೆ ಹೋಗಿ ಇಡೀ ಮಿಲ್ ನಿಲ್ಲುತ್ತಿತ್ತು.

ಹಂತ 0: ಫಲ ಕೊಡದ ಪ್ರಯತ್ನಗಳು

ಇವನ್ನು ಮೊದಲೇ ಬರೆಯುವುದು ಒಳ್ಳೆಯದು. ಇಂಥ ತೊಂದರೆಗೆ ಎಲ್ಲರೂ ಮೊದಲು ಕೈಹಾಕುವುದು ಇವಕ್ಕೇ.

ಕನೆಕ್ಟರ್ ಬದಲಾವಣೆ. ನಾಲ್ಕು ಹೊಸ 9 ಪಿನ್ ಕನೆಕ್ಟರ್, ತಲಾ ₹2,800. ವ್ಯತ್ಯಾಸ ಶೂನ್ಯ.

ಕೇಬಲ್ಲಿಗೆ ಫೆರೈಟ್ ಉಂಗುರ, ಒಟ್ಟು ₹900. ಎರಡು ಶಿಫ್ಟ್ ಸುಮ್ಮನಿತ್ತು, ಎಲ್ಲರೂ ಖುಷಿಪಟ್ಟರು. ಆ ಎರಡೂ ಶಿಫ್ಟ್‌ನಲ್ಲಿ ಕಬ್ಬಿನ ಲೋಡ್ ಕಡಿಮೆ ಇತ್ತು ಎಂಬುದು ಲಾಗ್‌ಬುಕ್ ತೆಗೆದು ನೋಡಿದಾಗ ತಿಳಿಯಿತು.

ವೇಗ 500 ಕೆಬಿಪಿಎಸ್‌ಗೆ ಇಳಿಸಿದ್ದು. ಹಾರ್ಡ್‌ವೇರ್ ಕಾನ್ಫಿಗರೇಷನ್‌ನಲ್ಲಿ ಮಾಸ್ಟರ್ ವೇಗ ಬದಲಿಸಿದರೆ ಸ್ಲೇವ್‌ಗಳು ತಾವೇ ಹೊಂದಿಕೊಳ್ಳುತ್ತವೆ, ಹಾಗಾಗಿ ಇದು ಸುಲಭದ ಕೆಲಸ. ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಆದರೆ ಒಂದು ಸುಳಿವು ಸಿಕ್ಕಿತು. 1.5 ಎಂಬಿಪಿಎಸ್‌ನಲ್ಲಿ ಒಂದು ಬಿಟ್‌ನ ಕಾಲ 0.67 ಮೈಕ್ರೋಸೆಕೆಂಡ್, 500 ಕೆಬಿಪಿಎಸ್‌ನಲ್ಲಿ 2 ಮೈಕ್ರೋಸೆಕೆಂಡ್. ಬಿಟ್ ಅಗಲವಾದಾಗ ತೊಂದರೆ ಕಡಿಮೆಯಾಗುತ್ತದೆ ಎಂದರೆ ಒಳಗೆ ನುಗ್ಗುತ್ತಿರುವುದು ಚೂಪಾದ, ಚಿಕ್ಕ ಪಲ್ಸ್, ಅಂದರೆ ಡ್ರೈವ್‌ನ ಸ್ವಿಚಿಂಗ್. ಬಸ್ ಪ್ಯಾರಾಮೀಟರ್‌ನಲ್ಲಿ ರಿಟ್ರೈ (ಉತ್ತರ ಬಾರದಿದ್ದರೆ ಮತ್ತೆ ಕೇಳುವ) ಸಂಖ್ಯೆ ಏರಿಸಿ ಇದನ್ನೇ ಮುಚ್ಚಿಡುವವರಿದ್ದಾರೆ. ಇಲ್ಲಿ ಅದನ್ನು ಮುಟ್ಟಲಿಲ್ಲ.

ಶೀಲ್ಡ್ (ತಂತಿಗಳ ಸುತ್ತ ವಿದ್ಯುತ್ ಗದ್ದಲ ತಡೆಯುವ ಲೋಹದ ಬಲೆ, ಮುಂದೆ 'ಬ್ರೇಡ್' ಎಂದಿರುವುದೂ ಇದೇ) ಪೂರ್ತಿ ಬಿಚ್ಚಿದ್ದು. "ಅರ್ಥ್ ಲೂಪ್ ಆಗ್ತಿದೆ, ಶೀಲ್ಡ್ ತೆಗೆದುಬಿಡಿ" ಎಂಬ ಸಲಹೆ ಬಂದಿತ್ತು. ತೆಗೆದ ಮೇಲೆ ಸ್ಟೇಷನ್ 10 ಕೂಡ ಬೀಳತೊಡಗಿತು. ಅದೇ ದಿನ ಮತ್ತೆ ಹಾಕಲಾಯಿತು.

ಹಂತ 1: ಪವರ್ ಆಫ್, ಮಲ್ಟಿಮೀಟರ್

ಕ್ಲೀನಿಂಗ್‌ಗೆ ಮಿಲ್ ನಿಲ್ಲಿಸಿದ ಹೊತ್ತಿನಲ್ಲಿ ಎಲ್ಲ ಕನೆಕ್ಟರ್‌ಗಳನ್ನು ಸಾಧನಗಳಿಂದ ಕಿತ್ತು, ಎರಡೂ ತುದಿಯ ಟರ್ಮಿನೇಷನ್ (ಸಿಗ್ನಲ್ ಪ್ರತಿಫಲಿಸದಂತೆ ತುದಿಗೆ ಹಾಕುವ ರೆಸಿಸ್ಟರ್) ಸ್ವಿಚ್ ಆನ್ ಇಟ್ಟು, ಪಿಎಲ್‌ಸಿ ಕಡೆಯ ಕನೆಕ್ಟರ್‌ನ ಪಿನ್ 3 ಮತ್ತು ಪಿನ್ 8ರ (ಎರಡು ಡೇಟಾ ತಂತಿಗಳು) ನಡುವೆ ಅಳತೆ: 114 ಓಮ್. ಲೆಕ್ಕ ಹೀಗೆ. ಹತ್ತಿರದ 220 ಓಮ್‌ಗೆ ಸಮಾಂತರವಾಗಿ ದೂರದ 220 ಓಮ್, ಅದರ ಜೊತೆಗೆ ಕೇಬಲ್ಲಿನ ಲೂಪ್ ರೆಸಿಸ್ಟೆನ್ಸ್. ಟೈಪ್ ಎ ಕೇಬಲ್ಲಿಗೆ ಕಿಲೋಮೀಟರಿಗೆ 110 ಓಮ್, 140 ಮೀಟರಿಗೆ 15.4. ಉತ್ತರ 113.7 ಬರಬೇಕು, ಬಂದಿದೆ. 220 ತೋರಿಸಿದರೆ ದೂರದ ಟರ್ಮಿನೇಷನ್ ಕಾಣುತ್ತಿಲ್ಲ ಎಂದರ್ಥ. ಒಂದೋ ಅಲ್ಲಿ ಆಫ್ ಇದೆ, ಇಲ್ಲವೇ ನಡುವೆ ಎಲ್ಲೋ ತಂತಿ ತುಂಡಾಗಿದೆ.

ಪಿನ್ 3ರಿಂದ ಕನೆಕ್ಟರ್‌ನ ಲೋಹದ ಕವಚಕ್ಕೆ, ಪಿನ್ 8ರಿಂದ ಕವಚಕ್ಕೆ: ಎರಡೂ ಓಪನ್. ಬ್ರೇಡ್‌ನ ಒಂದು ಎಳೆ ಹಸಿರು ಅಥವಾ ಕೆಂಪು ತಂತಿಗೆ ತಗುಲಿದ್ದರೆ ಇಲ್ಲೇ ಸಿಗುತ್ತದೆ.

ಅಂದರೆ ತಾಮ್ರದ ಜೋಡಿಯಲ್ಲಿ ದೋಷವಿಲ್ಲ. ಉಳಿದದ್ದು ಶೀಲ್ಡ್.

ಹಂತ 2: ಶೀಲ್ಡ್ ಎಲ್ಲೆಲ್ಲಿ ಏನಾಗಿದೆ

ಪ್ಯಾನೆಲ್ ಒಂದೊಂದಾಗಿ ತೆರೆದು ನೋಡಿದಾಗ ಕಂಡದ್ದು ಹೀಗಿದೆ.

ಎಂಸಿಸಿ ರೂಮಿನ ಪಿಎಲ್‌ಸಿ ಪ್ಯಾನೆಲ್‌ನಲ್ಲಿ ಬ್ರೇಡನ್ನು ಹುರಿಮಾಡಿ, ಅದಕ್ಕೆ 12 ಸೆಂಟಿಮೀಟರ್ ಉದ್ದದ ಹಸಿರು ತಂತಿ ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, 'ಇನ್‌ಸ್ಟ್ರುಮೆಂಟ್ ಅರ್ಥ್' ಎಂದು ಬರೆದ ಬಾರ್‌ಗೆ ಬಿಗಿದಿದ್ದಾರೆ. ನೋಡಲು ಬಹಳ ಅಚ್ಚುಕಟ್ಟು. ಮಲ್ಟಿಮೀಟರ್‌ನಲ್ಲೂ 0.0 ಓಮ್. ಆದರೆ ತಂತಿಗೆ ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ ಹಿಡಿದರೆ 120 ನ್ಯಾನೋಹೆನ್ರಿ ಆಯಿತು, 10 ಮೆಗಾಹರ್ಟ್ಸ್‌ನಲ್ಲಿ ಅದು ಏಳೂವರೆ ಓಮ್. ಡ್ರೈವ್‌ನ ಗದ್ದಲಕ್ಕೆ ಈ ಬಾಲ ಅರ್ಧ ಮುಚ್ಚಿದ ಬಾಗಿಲು.

ಮಿಲ್ ಪ್ಯಾನೆಲ್‌ನಲ್ಲಿ ಒಳಬರುವ ಮತ್ತು ಹೊರಹೋಗುವ ಕೇಬಲ್ಲುಗಳ ಬ್ರೇಡ್‌ಗಳನ್ನು ಒಂದಕ್ಕೊಂದು ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ಕನೆಕ್ಟರ್‌ನ ಒಳಗಿನ ಲೋಹದ ಹಿಡಿಕೆಗೆ ಬ್ರೇಡ್ ತಾಗುವುದೇ ಇಲ್ಲ, ಅಲ್ಲಿ ಪಿವಿಸಿ ಹೊದಿಕೆಯ ಮೇಲೇ ಸ್ಕ್ರೂ ಬಿಗಿದಿದೆ. ಕ್ಯಾರಿಯರ್ ಪ್ಯಾನೆಲ್‌ನಲ್ಲಿ ಬ್ರೇಡನ್ನು ಹೊದಿಕೆಯ ಅಂಚಿಗೇ ಕತ್ತರಿಸಿ ಟೇಪ್ ಹಾಕಿದ್ದಾರೆ.

ಇದು ನಿರ್ಲಕ್ಷ್ಯದ ಕೆಲಸವಲ್ಲ. 4-20 ಮಿಲಿಆಂಪ್ (ಅಳತೆ ಉಪಕರಣಗಳ ಅನಲಾಗ್ ಸಿಗ್ನಲ್) ಕೇಬಲ್ ಎಳೆದು ಪಳಗಿದವರು ಅಲ್ಲಿನ 'ಶೀಲ್ಡ್ ಒಂದೇ ತುದಿಗೆ' ನಿಯಮವನ್ನು ಇಲ್ಲಿಗೂ ತಂದಿದ್ದಾರೆ. 50 ಹರ್ಟ್ಸ್ ಗುಂಯ್‌ಗುಡುವಿಕೆ ತಡೆಯಲು ಆ ನಿಯಮ ಸರಿ. ಮೆಗಾಹರ್ಟ್ಸ್‌ಗಟ್ಟಲೆ ಗದ್ದಲಕ್ಕೆ ಒಂದು ತುದಿ ತೆರೆದ 85 ಮೀಟರ್ ಬ್ರೇಡ್ ರಕ್ಷಣೆಯಲ್ಲ, ಆಂಟೆನಾ. ಪ್ರೊಫಿಬಸ್ ಡಿಪಿಗೆ ಶೀಲ್ಡ್ ಎರಡೂ ತುದಿಯಲ್ಲಿ ಮತ್ತು ನಡುವಿನ ಪ್ರತಿ ಪ್ಯಾನೆಲ್‌ನಲ್ಲಿ ಸುತ್ತಲೂ ಹಿಡಿದು ಅರ್ಥ್ ಆಗಬೇಕು.

ಹಂತ 3: ಎರಡೂ ತುದಿ ಜೋಡಿಸಿ ನೋಡಿದ್ದು, ತಕ್ಷಣ ತೆಗೆದದ್ದು

ಕ್ಯಾರಿಯರ್ ಪ್ಯಾನೆಲ್‌ನಲ್ಲಿ ಬ್ರೇಡ್ ಹೊರತೆಗೆದು, ಲೈನ್ ಚಾಲೂ ಇರುವಾಗ ಬ್ರೇಡ್ ಮತ್ತು ಸ್ಥಳೀಯ ಅರ್ಥ್ ಬಾರ್ ನಡುವೆ ವೋಲ್ಟೇಜ್ ಅಳೆದರೆ 2.8 ವೋಲ್ಟ್ ಎಸಿ. ಆದರೂ ಒಂದು ತುಂಡು ತಂತಿಯಿಂದ ಜೋಡಿಸಿ ಲೀಕೇಜ್ ಕ್ಲ್ಯಾಂಪ್ ಮೀಟರ್ ಹಾಕಲಾಯಿತು. 1.4 ಆಂಪ್! ಶೀಲ್ಡ್ ಇರುವುದು ಇಷ್ಟು ಕರೆಂಟ್ ಹೊರಲು ಅಲ್ಲ. 85 ಮೀಟರ್ ಬ್ರೇಡ್‌ನ ರೆಸಿಸ್ಟೆನ್ಸ್ ಸುಮಾರು 0.8 ಓಮ್ (ಕಿಲೋಮೀಟರಿಗೆ 9.5 ಓಮ್). ಪವರ್ ಕಡೆ ಅರ್ಥ್ ಫಾಲ್ಟ್ ಆದರೆ ನೂರಾರು ಆಂಪ್‌ನಲ್ಲಿ ಒಂದು ಪಾಲು ಇದರಲ್ಲೇ ಹರಿದು ಕೇಬಲ್ಲನ್ನು ಸುಡುತ್ತದೆ. ತುಂಡು ತಂತಿ ತೆಗೆಯಲಾಯಿತು.

'ಎರಡೂ ಕಡೆ ಅರ್ಥ್ ಮಾಡಿದ್ದೆವು, ಇನ್ನೂ ಹಾಳಾಯಿತು' ಎನ್ನುವವರು ಸಾಮಾನ್ಯವಾಗಿ ನಿಲ್ಲುವುದು ಇಲ್ಲೇ. ಮೊದಲು ಎರಡು ಅರ್ಥ್ ಬಾರ್‌ಗಳ ನಡುವಿನ ವೋಲ್ಟೇಜ್ ಕೊಲ್ಲಬೇಕು, ಆಮೇಲೆ ಶೀಲ್ಡ್ ಜೋಡಿಸಬೇಕು. ಈ ಕ್ರಮ ತಿರುವುಮುರುವು ಆಗುವಂತಿಲ್ಲ.

ಕ್ಲ್ಯಾಂಪ್ ಮೀಟರ್ ಬಗ್ಗೆ ಒಂದು ಮಾತು. ಮೋಟಾರ್ ಕರೆಂಟ್ ನೋಡುವ 400 ಆಂಪ್ ಕ್ಲ್ಯಾಂಪ್ ಇದಕ್ಕೆ ಬಾರದು, ಮಿಲಿಆಂಪ್ ತೋರಿಸುವ ಲೀಕೇಜ್ ಕ್ಲ್ಯಾಂಪ್ ಬೇಕು. ಅದೂ ಕೆಳ ಫ್ರೀಕ್ವೆನ್ಸಿಯನ್ನಷ್ಟೇ ತೋರಿಸುತ್ತದೆ. ಮೆಗಾಹರ್ಟ್ಸ್ ಕರೆಂಟ್ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕ್ಲ್ಯಾಂಪ್‌ನ ರೀಡಿಂಗ್ ಚೆನ್ನಾಗಿದೆ ಎಂದರೆ ಈಕ್ವಿಪೊಟೆನ್ಷಿಯಲ್ ಬಾಂಡಿಂಗ್ (ಅರ್ಥ್ ಬಾರ್‌ಗಳನ್ನು ಒಂದೇ ವೋಲ್ಟೇಜ್ ಮಟ್ಟಕ್ಕೆ ತರುವ ಜೋಡಣೆ) ಚೆನ್ನಾಗಿದೆ ಎಂದಷ್ಟೇ ಅರ್ಥ.

ಹಂತ 4: 2.8 ವೋಲ್ಟ್ ಎಲ್ಲಿಂದ

ಎರಡು ಕಾರಣ ಸಿಕ್ಕವು.

ಮೊದಲನೆಯದು, ಇನ್‌ಸ್ಟ್ರುಮೆಂಟ್ ಅರ್ಥ್. ಅದಕ್ಕೆ ಕಟ್ಟಡದ ಹಿಂದೆ ಪ್ರತ್ಯೇಕ ಅರ್ಥ್ ಪಿಟ್ ಇದೆ, ಪವರ್ ಅರ್ಥ್‌ಗೆ ಎಲ್ಲೂ ಜೋಡಿಲ್ಲ. 'ಶುದ್ಧ ಅರ್ಥ್' ಬೇರೆಯಿರಬೇಕು ಎಂಬುದು ಹಳೆಯ ನಂಬಿಕೆ. ಡ್ರೈವ್‌ಗಳ ಫಿಲ್ಟರ್ ಕೆಪಾಸಿಟರ್‌ಗಳಿಂದ ಲೀಕೇಜ್ ಕರೆಂಟ್ ಪವರ್ ಅರ್ಥ್‌ನಲ್ಲಿ ಹರಿದು ಅದರ ಮಟ್ಟ ಏರುತ್ತದೆ, ಬೇರೆ ಪಿಟ್‌ನದು ಇದ್ದಲ್ಲೇ ಇರುತ್ತದೆ. ಶೀಲ್ಡ್ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು, ಕ್ಯಾರಿಯರ್ ಪ್ಯಾನೆಲ್‌ಗೆ ಬರುವ 25×6 ಎಂಎಂ ಜಿಐ (ಜಿಂಕ್ ಲೇಪಿಸಿದ ಕಬ್ಬಿಣ) ಪಟ್ಟಿಯ ಒಂದು ಜೋಡು. ಮಿಲ್ ಹೌಸ್‌ನಲ್ಲಿ ಕಬ್ಬಿನ ಹಾಲು ಸಿಡಿಯುತ್ತದೆ, ಅದು ಆಮ್ಲೀಯ. ಮೇಲಿಂದ ತೊಳೆದ ನೀರು, ಬಗಾಸ್ ಪುಡಿ. ಪಟ್ಟಿಯ ಜೋಡಿನ ಬೋಲ್ಟ್ ಬಿಚ್ಚಿದಾಗ ಎರಡು ಪಟ್ಟಿಗಳ ನಡುವೆ ಜಿಂಕ್ ಉಳಿದಿರಲಿಲ್ಲ, ಕಂದು ಪದರ ಮಾತ್ರ. ಅದರ ಮೇಲೆ ಪ್ರತಿ ಆಫ್ ಸೀಸನ್‌ನಲ್ಲೂ ಹೊಡೆದ ಹಸಿರು ಪೇಂಟ್ ಮಾತ್ರ ಪಳಪಳ.

ಮಾಡಿದ್ದು: ಜೋಡಿನ ಎರಡೂ ಮುಖ ಗ್ರೈಂಡರ್‌ನಿಂದ ಉಜ್ಜಿ ಬೆಳ್ಳಗೆ ಮಾಡಿ, ಒಂದು ಬೋಲ್ಟ್ ಇದ್ದಲ್ಲಿ ಎರಡು ಎಂ10 ಬೋಲ್ಟ್ ಹಾಕಿ, ಬಿಗಿದ ಮೇಲೆ ಹೊರಗಿನಿಂದ ಬಿಟುಮಿನ್ ಬಳಿಯಲಾಯಿತು (ಬಿಗಿಯುವ ಮೊದಲು ಅಲ್ಲ). ಇನ್‌ಸ್ಟ್ರುಮೆಂಟ್ ಅರ್ಥ್ ಬಾರ್ ಮತ್ತು ಮುಖ್ಯ ಅರ್ಥ್ ಬಾರ್ ನಡುವೆ 25 ಸ್ಕ್ವೇರ್ ಎಂಎಂ ತಾಮ್ರದ ಲಿಂಕ್. 2.8 ವೋಲ್ಟ್ ಇಳಿದು 0.9 ಆಯಿತು.

ಆಮೇಲೆ ಬಾಂಡಿಂಗ್ ಕಂಡಕ್ಟರ್. 200 ಮೀಟರ್ ಒಳಗಿನ ದೂರಕ್ಕೆ 16 ಸ್ಕ್ವೇರ್ ಎಂಎಂ ತಾಮ್ರ ಸಾಕು, ಅದಕ್ಕಿಂತ ಉದ್ದವಿದ್ದರೆ 25. ಹಸಿರು-ಹಳದಿ ಕೇಬಲ್, ಬಾಗುವಿಕೆ ಸೇರಿ 95 ಮೀಟರ್, ಎಂಸಿಸಿ ರೂಮಿನ ಅರ್ಥ್ ಬಾರ್‌ನಿಂದ ಮಿಲ್ ಪ್ಯಾನೆಲ್ ಬಾರ್ ಮುಟ್ಟಿ ಕ್ಯಾರಿಯರ್ ಪ್ಯಾನೆಲ್ ಬಾರ್‌ವರೆಗೆ. ಇದನ್ನು ಬಸ್ ಕೇಬಲ್ಲಿನ ಪಕ್ಕದಲ್ಲೇ ಎಳೆಯಬೇಕು. ಬೇರೆ ದಾರಿಯಲ್ಲಿ ತಂದರೆ ಇವೆರಡರ ನಡುವೆ ದೊಡ್ಡ ಲೂಪ್ ಆಗುತ್ತದೆ. ತವರ ಲೇಪಿಸಿದ ತಾಮ್ರದ ಲಗ್, ಎಂ8 ಬೋಲ್ಟ್, ಸ್ಟಾರ್ ವಾಷರ್, ಬಾರ್ ಕೂರುವ ಜಾಗದ ಪೇಂಟ್ ಕೆರೆದು. 95 ಮೀಟರ್‌ನ ರೆಸಿಸ್ಟೆನ್ಸ್ 0.11 ಓಮ್. ಮಲ್ಟಿಮೀಟರ್‌ನಲ್ಲಿ ಅಳೆಯುವವರು ಪ್ರೋಬ್ ತಂತಿಗಳದ್ದೇ 0.2-0.3 ಓಮ್ ಇರುತ್ತದೆ ಎಂಬುದನ್ನು ಮರೆಯದೆ ಕಳೆಯಬೇಕು.

ಬಾರ್‌ನಿಂದ ಬಾರ್‌ಗೆ ಈಗ 0.1 ವೋಲ್ಟ್. ಹೊಸ ಕಂಡಕ್ಟರ್‌ನಲ್ಲಿ 0.9 ಆಂಪ್ ಹರಿಯುತ್ತಿದೆ, ಹರಿಯಬೇಕಾದ ದಾರಿಯಲ್ಲಿ.

ಹಂತ 5: ಶೀಲ್ಡ್ ಕ್ಲ್ಯಾಂಪ್

ಪ್ರತಿ ಪ್ಯಾನೆಲ್‌ನಲ್ಲಿ ಕೇಬಲ್ ಒಳಬರುವ ಜಾಗದ ಹತ್ತಿರ, ಗ್ಯಾಲ್ವನೈಸ್ಡ್ ಮೌಂಟಿಂಗ್ ಪ್ಲೇಟ್ ಮೇಲೆ ನೇರವಾಗಿ ಕೂರುವ ಶೀಲ್ಡ್ ಬಾರ್. ಪ್ಲಾಸ್ಟಿಕ್ ಸ್ಪೇಸರ್ ಮೇಲೆ ಅಲ್ಲ! ಮಾರುಕಟ್ಟೆಯಲ್ಲಿ ಇನ್ಸುಲೇಟರ್ ಮೇಲೆ ಕೂರುವ ತಾಮ್ರದ ಬಾರ್ ಬೇಗ ಸಿಗುತ್ತದೆ, ಅದನ್ನು ತಂದರೆ ಮತ್ತೆ ಅರ್ಥ್‌ಗೆ ಒಂದು ಬಾಲದ ತಂತಿ ಬೇಕಾಗುತ್ತದೆ, ಇಷ್ಟು ಮಾಡಿದ ಕೆಲಸ ನೀರಿಗೆ. ಮಿಲ್ ಪ್ಯಾನೆಲ್‌ನ ಪ್ಲೇಟ್ ಪೌಡರ್ ಕೋಟ್ ಆಗಿದ್ದರಿಂದ ಬಾರ್ ಕೂರುವಷ್ಟು ಜಾಗ ಕೆರೆದು ಜಿಂಕ್ ಸ್ಪ್ರೇ ಹೊಡೆಯಲಾಯಿತು.

ಕೇಬಲ್ ಹೊರವ್ಯಾಸ 8 ಎಂಎಂ. ಹೊದಿಕೆಯನ್ನು ಸುತ್ತ ಎರಡು ಕಡೆ ಕೊಯ್ದು 20 ಎಂಎಂ ಅಗಲದ ಕಿಟಕಿ ತೆಗೆಯಬೇಕು, ಬ್ರೇಡ್‌ಗೆ ಗೀರು ಬೀಳಬಾರದು. ಶರ್ಟಿನ ತೋಳು ಮಡಚಿದಂತೆ ಬ್ರೇಡನ್ನು ಹಿಂದಕ್ಕೆ ಮಡಚುವವರಿದ್ದಾರೆ, ಅದು ಬೇಡ; ಇದ್ದಲ್ಲೇ ಬಿಟ್ಟು ಕ್ಲ್ಯಾಂಪ್ ಮೇಲಿಂದ ಒತ್ತಬೇಕು. ಬ್ರೇಡ್ ಕ್ಲ್ಯಾಂಪ್ ದಾಟಿ ಮುಂದೆ ಕನೆಕ್ಟರ್‌ವರೆಗೂ ಹೋಗಬೇಕು, ಅಲ್ಲಿಯೂ ಲೋಹದ ಹಿಡಿಕೆಯ ಕೆಳಗೆ ಬೀಳಬೇಕು.

ಮೊದಲ ಬಾರಿ ಕ್ಲ್ಯಾಂಪ್ ಅಳತೆ ತಪ್ಪಿತು. ಕೇಬಲ್ 8 ಎಂಎಂ ಎಂದು 8ರಿಂದ 14 ಎಂಎಂ ರೇಂಜಿನದು ಬಂತು. ಹೊದಿಕೆ ತೆಗೆದ ಮೇಲೆ ಬ್ರೇಡ್ ಅದಕ್ಕಿಂತ ತೆಳು, ಸ್ಪ್ರಿಂಗ್ ಕೆಳಗೆ ಅದು ಅಲ್ಲಾಡುತ್ತಿತ್ತು. 3ರಿಂದ 8 ಎಂಎಂ ರೇಂಜ್ ತರಿಸಲಾಯಿತು. ಸ್ಕ್ರೂ ಕ್ಲ್ಯಾಂಪ್ ಆದರೆ ಮನಸ್ಸಿಗೆ ಬಂದಷ್ಟು ಬಿಗಿಯಬಾರದು. ಒಳಗಿನ ಜೋಡಿ ಚಪ್ಪಟೆಯಾದರೆ 150 ಓಮ್ ಇಂಪಿಡೆನ್ಸ್ ಅಲ್ಲಿಗೆ ಕೆಡುತ್ತದೆ, ಆ ಜಾಗದಿಂದ ಸಿಗ್ನಲ್ ಹಿಂದಕ್ಕೆ ಮರಳುತ್ತದೆ. ಕ್ಲ್ಯಾಂಪ್ ಶೀಲ್ಡ್ ಹಿಡಿಯಲಿಕ್ಕೆ ಮಾತ್ರ. ಕೇಬಲ್ಲಿನ ಭಾರ ಹೊರಲು ಅದರ ಕೆಳಗೆ ಬೇರೆ ಟೈ ಬೇಕು.

ಕ್ಯಾರಿಯರ್ ತುದಿ ಜೋಡಿಸಿದ ಮೇಲೆ ಶೀಲ್ಡ್ ಕರೆಂಟ್ 110 ಮಿಲಿಆಂಪ್. 1.4 ಆಂಪ್ ಇದ್ದದ್ದು ಇಷ್ಟಕ್ಕೆ ಬಂತು.

ಹಂತ 6: ಗದ್ದಲದ ಮೂಲ

ಇಷ್ಟಕ್ಕೇ ನಿಲ್ಲಿಸಿದ್ದರೂ ಲೈನ್ ಓಡುತ್ತಿತ್ತೋ ಏನೋ. ಆದರೆ ಟ್ರೇ ನೋಡಿದ ಮೇಲೆ ಬಿಡಲಾಗಲಿಲ್ಲ. ಬಸ್ ಕೇಬಲ್ 22 ಮೀಟರ್ ಉದ್ದಕ್ಕೂ ಕ್ಯಾರಿಯರ್ ಮೋಟಾರ್ ಕೇಬಲ್ಲಿಗೆ ಒಂದೇ ಟೈನಲ್ಲಿ ಕಟ್ಟಿತ್ತು. ಆ ಮೋಟಾರ್ ಕೇಬಲ್ ಮೂರೂವರೆ ಕೋರ್ 120 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್. ಆರ್ಮರ್ (ಕೇಬಲ್ಲಿನ ಲೋಹದ ರಕ್ಷಾಕವಚ) ಮೋಟಾರ್ ಕಡೆ ಗ್ಲ್ಯಾಂಡ್‌ನಲ್ಲಿದೆ (ಕೇಬಲ್ ಒಳಹೋಗುವಲ್ಲಿ ಅದನ್ನು ಹಿಡಿಯುವ ಲೋಹದ ಬಿಡಿಭಾಗ), ಡ್ರೈವ್ ಕಡೆ ಪ್ಯಾನೆಲ್‌ನ ಕೆಳಗೇ ಕತ್ತರಿಸಿ ಬಿಟ್ಟಿದ್ದಾರೆ. ಡ್ರೈವ್‌ನಿಂದ ಹೊರಟ ಹೈ ಫ್ರೀಕ್ವೆನ್ಸಿ ಕರೆಂಟ್‌ಗೆ ಮನೆಗೆ ಮರಳುವ ದಾರಿಯೇ ಮುಚ್ಚಿದಂತೆ. ಅದು ಕಟ್ಟಡದ ಉಕ್ಕು, ಟ್ರೇ, ಪಕ್ಕದ ಪ್ರೊಫಿಬಸ್ ಶೀಲ್ಡ್, ಸಿಕ್ಕಿದ್ದರಲ್ಲಿ ಹಿಂದಿರುಗುತ್ತದೆ.

ಮಾಡಿದ್ದು: ಗ್ಲ್ಯಾಂಡ್ ಪ್ಲೇಟ್‌ನ ಎರಡೂ ಮುಖದ ಪೇಂಟ್ ಕೆರೆದು ಹಿತ್ತಾಳೆಯ ಡಬಲ್ ಕಂಪ್ರೆಷನ್ ಗ್ಲ್ಯಾಂಡ್, ಅರ್ಥ್ ಟ್ಯಾಗ್ ಸಹಿತ. ಇದೇ ಟ್ರೇಯ ಇನ್ನೆರಡು ಡ್ರೈವ್ ಕೇಬಲ್ಲುಗಳಿಗೂ ಅಷ್ಟೇ. ಬಸ್ ಕೇಬಲ್ ಮತ್ತು ಬಾಂಡಿಂಗ್ ಕಂಡಕ್ಟರ್ ಎರಡನ್ನೂ 300 ಎಂಎಂ ದೂರದ ಪ್ರತ್ಯೇಕ ಜಿಐ ಟ್ರೇಗೆ ಸರಿಸಿ, ದಾಟುವಲ್ಲಿ 90 ಡಿಗ್ರಿಯಲ್ಲಿ ದಾಟಿಸಲಾಯಿತು. ಹೊಸ ಟ್ರೇಯ ಪ್ರತಿ ಜೋಡಿಗೂ ತಾಮ್ರದ ಜಂಪರ್. ತಿರುವುಗಳಲ್ಲಿ ಕೇಬಲ್ ಬಾಗುವ ತ್ರಿಜ್ಯ 75 ಎಂಎಂಗಿಂತ ಕಡಿಮೆಯಾಗದಂತೆ. ಡ್ರೈವ್‌ಗೆಂದೇ ಬರುವ, ಮೂರು ಫೇಸ್ ನಡುವೆ ಮೂರು ಅರ್ಥ್ ತಂತಿ ಸಮನಾಗಿ ಹೆಣೆದ ಶೀಲ್ಡೆಡ್ ಕೇಬಲ್ ಇದಕ್ಕಿಂತ ಒಳ್ಳೆಯದು, ಹೊಸದಾಗಿ ಎಳೆಯುವವರು ಅದನ್ನೇ ತರಲಿ. ಇಲ್ಲಿ ಹಂಗಾಮಿನ ನಡುವೆ 120 ಸ್ಕ್ವೇರ್ ಎಂಎಂ ಕೇಬಲ್ ಬದಲಿಸುವ ಮಾತೇ ಇರಲಿಲ್ಲ.

ಖರ್ಚು

ಕೂಲಿ ಬಿಟ್ಟು: 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ 100 ಮೀಟರ್, ಮೀಟರಿಗೆ ₹230ರಂತೆ ₹23,000. ಶೀಲ್ಡ್ ಕ್ಲ್ಯಾಂಪ್ 14, ತಲಾ ₹180, ₹2,520. ಶೀಲ್ಡ್ ಬಾರ್‌ಗಳು ₹1,600. ಗ್ಲ್ಯಾಂಡ್ 6, ₹2,700. ಜಿಐ ಟ್ರೇ 40 ಮೀಟರ್ ₹7,200. ಲಗ್, ವಾಷರ್, ಜಂಪರ್, ಸ್ಪ್ರೇ ₹1,400. ಒಟ್ಟು ₹38,420. ಹಂತ 0ರಲ್ಲಿ ವ್ಯರ್ಥವಾದ ₹12,100 ಇದರಲ್ಲಿಲ್ಲ. ಆ ನಾಲ್ಕು ಕನೆಕ್ಟರ್ ಸ್ಪೇರ್ ಆಗಿ ಸ್ಟೋರ್‌ನಲ್ಲಿವೆ ಎಂಬುದೊಂದು ಸಮಾಧಾನ.

ವೇಗ ಮತ್ತೆ 1.5 ಎಂಬಿಪಿಎಸ್‌ಗೆ ಏರಿಸಿದ ಮೇಲೆ ಡಯಾಗ್ನಾಸ್ಟಿಕ್ ಬಫರ್‌ನಲ್ಲಿ ಸ್ಟೇಷನ್ 11 ಕಾಣಿಸಿದ್ದು ಒಮ್ಮೆ. ಅದು 24 ವೋಲ್ಟ್ ಫ್ಯೂಸ್ ಹೋಗಿದ್ದಕ್ಕೆ. ಅಂದಹಾಗೆ, ಕೊನೆಯ ಸ್ಟೇಷನ್‌ನ ಪವರ್ ಹೋದರೆ ಟರ್ಮಿನೇಷನ್‌ಗೂ 5 ವೋಲ್ಟ್ ಸಿಗುವುದಿಲ್ಲ, ಇಡೀ ಲೈನ್ ತೂರಾಡುತ್ತದೆ. ಅಲ್ಲಿ ಪ್ರತ್ಯೇಕ ಸಪ್ಲೈ ಇರುವ ಆ್ಯಕ್ಟಿವ್ ಟರ್ಮಿನೇಟರ್ ಹಾಕುವುದು ಬಾಕಿ ಪಟ್ಟಿಯಲ್ಲಿದೆ.

ಇದನ್ನು ಎಲ್ಲೆಲ್ಲಿ ನಕಲು ಮಾಡಬಾರದು

ಪಕ್ಕದ ಡಿಸ್ಟಿಲರಿಯಲ್ಲಿ ಎಥನಾಲ್ ಇದೆ, ಅದು ಸ್ಫೋಟಕ ವಲಯ. ಅಲ್ಲಿನ ಇಂಟ್ರಿನ್ಸಿಕಲಿ ಸೇಫ್ (ಸ್ಫೋಟ ಹೊತ್ತಿಸದಷ್ಟು ಕಡಿಮೆ ಶಕ್ತಿಯ) ಸರ್ಕ್ಯೂಟ್‌ಗಳಿಗೆ ಐಇಸಿ 60079-14 ಪ್ರಕಾರ ಸಾಮಾನ್ಯವಾಗಿ ಶೀಲ್ಡ್ ಒಂದೇ ಕಡೆ ಅರ್ಥ್. ಎರಡೂ ಕಡೆ ಮಾಡಬೇಕಾದರೆ ಬಾಂಡಿಂಗ್ ಅತ್ಯುತ್ತಮವಾಗಿದೆ ಎಂಬ ಖಾತ್ರಿ ಬೇಕು, ಇಲ್ಲವೇ ಸಣ್ಣ ಕೆಪಾಸಿಟರ್‌ಗಳ ಮೂಲಕ, ಒಟ್ಟು 10 ನ್ಯಾನೋಫ್ಯಾರಡ್ ಮೀರದಂತೆ. ಮಿಲ್ ಹೌಸ್‌ನ ಬೇರಿಂಗ್ ಥರ್ಮೋಕಪಲ್ ಕೇಬಲ್ಲುಗಳ ಶೀಲ್ಡನ್ನೂ ಒಂದೇ ತುದಿಗೆ ಇದ್ದಂತೆ ಬಿಡಲಾಗಿದೆ. ಮಿಲಿವೋಲ್ಟ್ ಸಿಗ್ನಲ್‌ಗೆ ಅದೇ ಸರಿ.

ಬಾಯ್ಲರ್ ಹೌಸ್ ಬೇರೆ ಕಟ್ಟಡ, ನಡುವೆ ತೆರೆದ ಅಂಗಳ. ಅಲ್ಲಿಗೆ ಬಸ್ ವಿಸ್ತರಿಸುವ ಪ್ರಸ್ತಾಪ ಬಂದಾಗ ತಾಮ್ರದ ಬದಲು ಆಪ್ಟಿಕಲ್ ಲಿಂಕ್ ಮಾಡ್ಯೂಲ್ ಎರಡು ಮತ್ತು ಫೈಬರ್ ಕೇಬಲ್ ಬರೆದು ಕೊಡಲಾಗಿದೆ. ಸಿಡಿಲಿನ ಲೆಕ್ಕ, ಅರ್ಥ್ ವ್ಯತ್ಯಾಸದ ಲೆಕ್ಕ ಎರಡೂ ಅಲ್ಲಿಗೆ ಮುಗಿಯುತ್ತದೆ.

ಆಫ್ ಸೀಸನ್ ಪಟ್ಟಿಗೆ ಸೇರಿಸಿದ್ದು: ಮೂರೂ ಪ್ಯಾನೆಲ್‌ನ ಬಾಂಡಿಂಗ್ ಬೋಲ್ಟ್ ಬಿಗಿ, ಜಿಐ ಜೋಡು ಬಿಚ್ಚಿ ತಪಾಸಣೆ, ಕ್ಯಾರಿಯರ್ ಪ್ಯಾನೆಲ್ ಒಳಗೆ ಬರೆದಿಟ್ಟ 0.1 ವೋಲ್ಟ್ ಮತ್ತು 110 ಮಿಲಿಆಂಪ್‌ಗೆ ಹೋಲಿಸಿ ಹೊಸ ರೀಡಿಂಗ್. ಪೇಂಟ್ ಹೊಡೆಯುವವರಿಗೆ ಬಾರ್‌ಗಳ ಮೇಲೆ ಟೇಪ್ ಅಂಟಿಸಿ ಕೊಡಬೇಕು.